ಎರಡೂವರೆ ನಿಮಿಷದ ಟ್ರೇಲರ್, ಒಂದು ವಾರದ ಇಂಗ್ಲಿಷ್

ಅಡ್ಜಸ್ಟ್, ಟೆನ್ಷನ್, ಲೇಟ್, ಟ್ರೈ, ರಿಸ್ಕ್, ಬ್ಯಾಲೆನ್ಸ್, ಫ್ರೀ. ದಿನಬೆಳಗಾದರೆ ನಾವಾಡುವ ಕನ್ನಡದಲ್ಲಿ ಇಂಗ್ಲಿಷ್ ಪದಗಳಿಗೆ ಬರವಿಲ್ಲ. ಡಿಗ್ರಿ ಮುಗಿಸಿದವರಿಗೆ ಇನ್ನೂ ಸಾವಿರಾರು ಪದಗಳು ಗೊತ್ತಿರುತ್ತವೆ. ಆದರೂ ಒಂದು ಇಂಗ್ಲಿಷ್ ಸಿನಿಮಾದ ಟ್ರೇಲರನ್ನು ಸಬ್‌ಟೈಟಲ್ ಇಲ್ಲದೆ ಹಾಕಿಕೊಂಡು ಕೂತರೆ ಅರ್ಧ ಮಾತು ಕಿವಿಗೇ ಸಿಕ್ಕುವುದಿಲ್ಲ. ಸಿಕ್ಕ ಅರ್ಧದಲ್ಲೂ ‘ಇದೇನು ಹೇಳಿದರು?’ ಎಂಬ ಗೊಂದಲ. ಪದಗಳು ಸಾಲದ್ದಕ್ಕೆ ಹೀಗಾಗುತ್ತಿದೆ ಎಂದುಕೊಂಡು ಎಷ್ಟೋ ಜನ ಕಷ್ಟದ ಪದಗಳ ಪಟ್ಟಿ ಹಿಡಿದು ಬಾಯಿಪಾಠ ಶುರುಮಾಡುತ್ತಾರೆ. ಕೊರತೆ ಇರುವುದು ಅಲ್ಲಲ್ಲ.

ಕನ್ನಡ ಇಂಗ್ಲಿಷಿನಿಂದ ಪದ ತೆಗೆದುಕೊಳ್ಳುವಾಗ ಕ್ರಿಯೆಯ ಕೆಲಸವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ. ನಾವು ಟ್ರೈ ‘ಮಾಡುತ್ತೇವೆ’, ನಮಗೆ ಲೇಟ್ ‘ಆಗುತ್ತದೆ’, ರಿಸ್ಕ್ ‘ತಗೊಳ್ಳುತ್ತೇವೆ’. ಹೀಗಾಗಿ ಇಂಗ್ಲಿಷಿನಲ್ಲಿ ವಾಕ್ಯದ ಭಾರ ಹೊರುವ ಪುಟ್ಟ ಕ್ರಿಯಾಪದಗಳು, ಅಂದರೆ ಗೆಟ್, ಟೇಕ್, ಪುಟ್, ಟರ್ನ್, ಹೋಲ್ಡ್, ಪಿಕ್, ಮತ್ತು ಅವುಗಳ ಹಿಂದೆಯೇ ಬರುವ ಅಪ್, ಔಟ್, ಆಫ್, ಓವರ್‌ಗಳು ನಮ್ಮ ನಾಲಿಗೆಗೆ ಬರಲೇ ಇಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ಆಡುವ ಇಂಗ್ಲಿಷ್ ನಿಂತಿರುವುದೇ ಇವುಗಳ ಮೇಲೆ. ಇವು ಒತ್ತೊತ್ತಾಗಿ, ಆಡುಮಾತಿನ ವೇಗದಲ್ಲಿ, ಮುಖಭಾವದ ಸಮೇತ ಸಿಗುವ ಅತಿ ಚಿಕ್ಕ ಪಠ್ಯ ಎಂದರೆ ಸಿನಿಮಾ ಟ್ರೇಲರ್. ಅದನ್ನು ಪಠ್ಯದಂತೆ ಬಳಸುವುದು ಹೇಗೆ ಎಂಬುದೇ ಈ ಲೇಖನ.

ಎಷ್ಟು ಪದ ಬೇಕು ಎಂಬ ಅಳುಕಿದ್ದರೆ ಒಂದು ಲೆಕ್ಕ ಧೈರ್ಯ ಕೊಡುತ್ತದೆ. ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ ಎಂಬ ಭಾಷಾ ಸಂಶೋಧಕರು 318 ಇಂಗ್ಲಿಷ್ ಚಿತ್ರಗಳ ಸಂಭಾಷಣೆಯನ್ನು ಜಾಲಾಡಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅತಿ ಹೆಚ್ಚು ಬಳಕೆಯ 3,000 ಪದಕುಟುಂಬಗಳು ಗೊತ್ತಿದ್ದರೆ, ಹೆಸರುಗಳು ಮತ್ತು ಉದ್ಗಾರಗಳೂ ಸೇರಿ, ಸಿನಿಮಾದ ಮಾತಿನ ಸುಮಾರು ನೂರಕ್ಕೆ 95 ಭಾಗ ಗೊತ್ತಿರುವ ಪದಗಳೇ ಆಗಿರುತ್ತವೆ ಎಂದು ಅದರಲ್ಲಿ ಕಂಡುಬಂತು. ಹ್ಯಾಪಿ, ಹ್ಯಾಪಿನೆಸ್, ಅನ್‌ಹ್ಯಾಪಿ ಮೂರೂ ಸೇರಿ ಒಂದು ಪದಕುಟುಂಬ. ಕಾಲೇಜು ಓದಿದ ಕನ್ನಡಿಗರಲ್ಲಿ ಅನೇಕರು ಕಣ್ಣಿನಲ್ಲಿ ನೋಡಿದರೆ ಈ ಪದಗಳಲ್ಲಿ ಬಹುಪಾಲನ್ನು ಗುರುತಿಸುತ್ತಾರೆ. ಕಿವಿಯಲ್ಲಿ ಗುರುತಿಸುವುದು, ಬೇಕಾದಾಗ ಬಾಯಿಗೆ ತಂದುಕೊಳ್ಳುವುದು ಬೇರೆಯೇ ಅಭ್ಯಾಸ.

ಟ್ರೇಲರ್ ಕಟ್ಟುವವರ ಕೆಲಸ ಕಲಿಯುವವರಿಗೆ ಹೇಗೆ ಒದಗಿ ಬರುತ್ತದೆ ನೋಡಿ. ಅಮೆರಿಕದ ದೊಡ್ಡ ಸ್ಟುಡಿಯೋಗಳ ಟ್ರೇಲರ್ ಸಾಮಾನ್ಯವಾಗಿ ಎರಡೂವರೆ ನಿಮಿಷದೊಳಗೆ ಮುಗಿಯುತ್ತದೆ. ಎರಡು ಗಂಟೆಯ ಮಾತಿನಿಂದ ಎಡಿಟರ್ ಕೆಲವೇ ವಾಕ್ಯ ಹೆಕ್ಕಬೇಕು. ಕಥೆ ಗೊತ್ತಿಲ್ಲದವರಿಗೂ ಒಂದೇ ಸಲಕ್ಕೆ ಅರ್ಥವಾಗುವ, ಚಿಕ್ಕದಾದ, ತನ್ನಷ್ಟಕ್ಕೆ ತಾನೇ ನಿಲ್ಲುವ ಮಾತುಗಳನ್ನೇ ಅವರು ಆರಿಸುತ್ತಾರೆ. ಜೊತೆಗೆ ಟ್ರೇಲರ್‌ಗೆ ಒಂದು ಪರಿಚಿತ ಕಟ್ಟು ಇದೆ. ಮೊದಲ ಮುಕ್ಕಾಲು ನಿಮಿಷದಲ್ಲಿ ಯಾರು, ಎಲ್ಲಿ, ಏನು ಕೆಲಸ, ಯಾರ ಮಗಳು ಎಂಬ ಪರಿಚಯ; ಆಮೇಲೆ ತೊಡಕು; ಕೊನೆಗೆ ಸಂಗೀತದ ಅಬ್ಬರದಲ್ಲಿ ಚೂರುಚೂರು ದೃಶ್ಯ, ಒಂದೆರಡು ಪದದ ಕೂಗು. ದಿನಬಳಕೆಯ ಇಂಗ್ಲಿಷ್ ಗಟ್ಟಿಯಾಗಿ ಸಿಗುವುದು ಆ ಮೊದಲ ಭಾಗದಲ್ಲಿ. ಅಲ್ಲಿ ಸಂಗೀತ ತಗ್ಗಿರುತ್ತದೆ, ಮಾತು ಸ್ಪಷ್ಟವಾಗಿರುತ್ತದೆ. ಸಮಯ ಕಡಿಮೆ ಇದ್ದರೆ ಬರೀ ಮೊದಲ ಒಂದು ನಿಮಿಷವನ್ನು ಹಿಡಿದುಕೊಳ್ಳಿ, ಸಾಕು.

ಯಾವ ಟ್ರೇಲರ್ ಎಂಬುದು ಮುಖ್ಯ. ಸೂಪರ್ ಹೀರೋಗಳ, ಯುದ್ಧದ, ಭೂತಪ್ರೇತಗಳ ಟ್ರೇಲರ್ ನೋಡಲು ರೋಮಾಂಚಕ. ಆದರೆ ಅಲ್ಲಿ ಕಲಿತ ಮಾತನ್ನು ಬ್ಯಾಂಕಿನಲ್ಲೋ ಮಗುವಿನ ಶಾಲೆಯಲ್ಲೋ ಆಡಲಾಗದು. ಮನೆ, ಶಾಲೆ, ಆಫೀಸು, ಊಟದ ಮೇಜು ಇರುವ ಚಿತ್ರಗಳನ್ನೇ ಆರಿಸಿ. ಮಕ್ಕಳ ಚಿತ್ರ ಎಂದು ಮೂಗು ಮುರಿಯಬೇಡಿ. ಪಿಕ್ಸಾರ್ ಸ್ಟುಡಿಯೋದ ಚಿತ್ರಗಳಲ್ಲಿ ಉಚ್ಚಾರ ಸ್ಫುಟ, ಸಂದರ್ಭ ಮನೆಯದೇ. ಇಂಗ್ಲಿಷ್ ಕಿವಿಗೆ ತೀರಾ ಹೊಸದಾದರೆ 1980, 90ರ ದಶಕದ ಟ್ರೇಲರ್‌ಗಳಿಂದ ಶುರುಮಾಡಬಹುದು. ಆಗಿನ ಟ್ರೇಲರ್‌ಗಳಲ್ಲಿ ಹಿನ್ನೆಲೆಯಲ್ಲಿ ಒಬ್ಬ ನಿರೂಪಕ ನಿಧಾನವಾಗಿ, ತುಂಬು ದನಿಯಲ್ಲಿ ಕಥೆ ಹೇಳುತ್ತಿದ್ದ. 2008ರಲ್ಲಿ ತೀರಿಕೊಂಡ ಡಾನ್ ಲಾಫಾಂಟೇನ್ ಇಂಥ ಸಾವಿರಾರು ಟ್ರೇಲರ್‌ಗಳಿಗೆ ದನಿ ಕೊಟ್ಟವರು. ‘ಇನ್ ಎ ವರ್ಲ್ಡ್...’ ಎಂದು ಅವರು ಎತ್ತಿಕೊಳ್ಳುತ್ತಿದ್ದ ರೀತಿ ಅಮೆರಿಕದಲ್ಲಿ ಮನೆಮಾತು. ಈಗಿನ ಟ್ರೇಲರ್‌ಗಳಲ್ಲಿ ನಿರೂಪಕ ಬಹುತೇಕ ಮಾಯ. ಕಲಿಯುವವರ ದೃಷ್ಟಿಯಿಂದ ಅದೊಂದು ನಷ್ಟವೆಂದೇ ನನ್ನ ಭಾವನೆ.

ಊಟದ ಮೇಜಿನ ಮಾತು

ಒಂದು ಟ್ರೇಲರನ್ನು ಹತ್ತಿರದಿಂದ ನೋಡೋಣ. 2015ರಲ್ಲಿ ತೆರೆಕಂಡ ಪಿಕ್ಸಾರ್‌ನ ‘ಇನ್‌ಸೈಡ್ ಔಟ್’. ಹನ್ನೊಂದು ವರ್ಷದ ರೈಲಿ ಎಂಬ ಹುಡುಗಿ ಅಪ್ಪ ಅಮ್ಮನ ಜೊತೆ ಮಿನಸೋಟದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದಾಳೆ. ಅವಳ ತಲೆಯೊಳಗೆ ಸಂತೋಷ, ದುಃಖ, ಸಿಟ್ಟು, ಭಯ, ಹೇಸಿಗೆ ಎಂಬ ಐದು ಭಾವಗಳು ಪಾತ್ರಗಳಾಗಿ ಕೂತು ಅವಳನ್ನು ನಡೆಸುತ್ತಿವೆ. ಟ್ರೇಲರ್‌ಗೆ ಆರಿಸಿಕೊಂಡಿರುವುದು ರಾತ್ರಿ ಊಟದ ದೃಶ್ಯ. ಹೊಸ ಶಾಲೆಯ ಮೊದಲ ದಿನ ಹೇಗಿತ್ತು ಎಂದು ಅಮ್ಮ ಕೇಳುತ್ತಾಳೆ. ಮಗಳು ಮುಖ ಕೆಳಗೆ ಹಾಕಿ ‘ಇಟ್ ವಾಸ್ ಫೈನ್, ಐ ಗೆಸ್’ ಎನ್ನುತ್ತಾಳೆ. ಅಮ್ಮನ ತಲೆಯೊಳಗೂ ಇಂಥ ಭಾವಗಳೇ ಕೂತಿವೆ; ಏನೋ ಸರಿಯಿಲ್ಲ ಎಂದು ಆ ತಲೆಯೊಳಗಿನವರಿಗೆ ಗೊತ್ತಾಗುತ್ತದೆ. ಅವರು ಗಂಡನಿಗೆ ಸನ್ನೆ ಮಾಡುತ್ತಾರೆ. ಅಪ್ಪನ ತಲೆಯೊಳಗಿನವರು ಐಸ್ ಹಾಕಿ ಆಟ ನೋಡುತ್ತಾ ಮೈಮರೆತಿದ್ದಾರೆ. ಹೆಂಡತಿ ಏನೋ ಹೇಳಿದಳು, ಏನಿರಬಹುದು, ಇವತ್ತು ಕಸ ಹೊರಗಿಡುವ ರಾತ್ರಿಯೇ ಎಂದು ತಡಬಡಾಯಿಸುತ್ತಾರೆ.

ಇಷ್ಟೇ ದೃಶ್ಯದಲ್ಲಿ ಎಷ್ಟೊಂದು ಸಿಗುತ್ತದೆ! ‘ಐ ಗೆಸ್’ ಎಂದರೆ ಇಲ್ಲಿ ಊಹೆ ಮಾಡುವುದಲ್ಲ. ಹೇಳಿದ ಮಾತಿನ ಬಲ ಕುಗ್ಗಿಸುವ ಬಾಲ ಅದು; ‘ಪರವಾಗಿಲ್ಲ ಬಿಡಮ್ಮ’ ಎಂಬಲ್ಲಿ ‘ಬಿಡಮ್ಮ’ ಮಾಡುವ ಕೆಲಸ. ಅಮ್ಮನ ತಲೆಯೊಳಗಿನವರು ಆಡುವ ‘ಪಿಕ್ ಅಪ್ ಆನ್’ ಎಂದರೆ ಬಾಯಿಬಿಟ್ಟು ಹೇಳದ್ದನ್ನು ಗಮನಿಸಿ ತಿಳಿದುಕೊಳ್ಳುವುದು, ಸುಳಿವು ಹಿಡಿಯುವುದು. ಪಿಕ್, ಅಪ್, ಆನ್ ಮೂರೂ ಒಂದನೇ ತರಗತಿಯ ಪದಗಳು, ಸೇರಿದಾಗ ಮಾತ್ರ ಹೊಸ ಅರ್ಥ. ‘ಗಾರ್ಬೇಜ್ ನೈಟ್’ ಎಂದರೆ ಮರುದಿನ ಬೆಳಗ್ಗೆ ಕಸದ ಗಾಡಿ ಬರುವುದರಿಂದ ಹಿಂದಿನ ರಾತ್ರಿಯೇ ಡಬ್ಬ ರಸ್ತೆಗಿಡುವ ದಿನ. ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ಓಡುವ ನಮಗೆ ಅಮೆರಿಕದ ಈ ರೂಢಿ ಗೊತ್ತಾಗುವುದೂ ಪದದ ಜೊತೆಗೇ. ಇನ್ನು ಮಗಳು ಎದುರುತ್ತರ ಕೊಟ್ಟಾಗ ಅಪ್ಪನ ತಲೆಯೊಳಗೆ ಕ್ಷಿಪಣಿ ಉಡಾಯಿಸುವ ಗತ್ತಿನಲ್ಲಿ ‘ಫೂಟ್’ ಸಿದ್ಧವಾಗುತ್ತದೆ. ‘ಪುಟ್ ಯುವರ್ ಫೂಟ್ ಡೌನ್’ ಎಂದರೆ ಇನ್ನು ಮಾತಿಲ್ಲ ಎಂದು ಖಡಾಖಂಡಿತವಾಗಿ ನಿಲ್ಲುವುದು. ಅದು ಗೊತ್ತಿಲ್ಲದಿದ್ದರೆ ಇಡೀ ತಮಾಷೆ ಕೈತಪ್ಪುತ್ತದೆ, ಗೊತ್ತಾದ ಮೇಲೆ ಆ ನುಡಿಗಟ್ಟನ್ನು ಮರೆಯಲು ಸಾಧ್ಯವೇ ಇಲ್ಲ. ಚಿತ್ರ, ನಗು, ಮಾತು ಮೂರೂ ಒಟ್ಟಿಗೆ ಕೂತಾಗ ನೆನಪು ಗಟ್ಟಿಯಾಗುತ್ತದೆ. ಪಟ್ಟಿ ಹಿಡಿದು ಓದಿದವರಿಗೆ ಇದು ಸಿಗುವುದಿಲ್ಲ.

ಮೊದಲು ಕನ್ನಡ ಅಕ್ಷರದಲ್ಲಿ

ಮೊದಲ ದಿನ ಸಬ್‌ಟೈಟಲ್ ಮುಚ್ಚಿ ಎರಡು ಮೂರು ಸಲ ನೋಡಿ. ನಿಲ್ಲಿಸಬೇಡಿ. ಮುಗಿದ ಮೇಲೆ ಯಾರು ಯಾರಿಗೆ ಏನು ಹೇಳಿದರು ಎಂದು ಕನ್ನಡದಲ್ಲೇ ಮನೆಯವರಿಗೆ ಹೇಳಿ. ಮುಖ ನೋಡಿಯೇ ಅರ್ಧ ಕಥೆ ಗೊತ್ತಾಗಿರುತ್ತದೆ, ಆ ತಿಳಿವಳಿಕೆ ಮುಂದಿನ ಕೆಲಸಕ್ಕೆ ಬುನಾದಿ.

ಎರಡನೇ ದಿನದ್ದು ನಿಜವಾದ ಕೆಲಸ. ನೋಟ್‌ಬುಕ್ ತೆಗೆದುಕೊಂಡು ಮೊದಲ ಒಂದು ನಿಮಿಷದ ಮಾತನ್ನು ಒಂದೊಂದೇ ವಾಕ್ಯ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲಿಂಗ್ ಬೇಡ. ಸ್ಪೆಲಿಂಗ್ ಬರೆಯಲು ಹೋದರೆ ಗೊತ್ತಿರುವ ಪದವನ್ನು ತುರುಕುವ ಆಸೆ ಬರುತ್ತದೆ. ಕನ್ನಡ ಅಕ್ಷರ ದನಿಯನ್ನು ಹಿಡಿಯುತ್ತದೆ, ಅರ್ಥವಾಗದಿದ್ದರೂ ಬರೆಯಬಹುದು. ಇದು ಕನ್ನಡ ಓದು ಬರಹ ಬಲ್ಲವರಿಗೆ ಇರುವ ದೊಡ್ಡ ಅನುಕೂಲ, ಇದನ್ನು ಬಳಸಿಕೊಳ್ಳದೆ ಬಿಡುವುದು ತಪ್ಪು. ಮೊಬೈಲಿನ ಯೂಟ್ಯೂಬ್‌ನಲ್ಲಿ ಪರದೆಯ ಎಡಬದಿಗೆ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಾದರೆ ಎಡಬಾಣದ ಕೀ ಐದು ಸೆಕೆಂಡ್ ಹಿಂದಕ್ಕೊಯ್ಯುತ್ತದೆ. ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ 0.75ಕ್ಕೆ ಇಳಿಸಿಕೊಳ್ಳಿ. ಅದಕ್ಕಿಂತ ಕೆಳಗಿಳಿಸಿದರೆ ದನಿ ಎಳೆದಾಡಿ ಇನ್ನಷ್ಟು ಅಸ್ಪಷ್ಟವಾಗುತ್ತದೆ.

ಆಮೇಲೆ ಸಬ್‌ಟೈಟಲ್ ತೆರೆದು ನೀವು ಬರೆದದ್ದರ ಪಕ್ಕದಲ್ಲಿಟ್ಟು ನೋಡಿ. ಸ್ಟುಡಿಯೋದವರೇ ಕೊಟ್ಟ ಸಬ್‌ಟೈಟಲ್ ಇದ್ದರೆ ಅದನ್ನೇ ನಂಬಿ. ‘ಆಟೋ ಜನರೇಟೆಡ್’ ಎಂದಿದ್ದರೆ ಅದು ಯಂತ್ರ ಕೇಳಿ ಬರೆದದ್ದು. ಸಂಗೀತದ ನಡುವೆ ಯಂತ್ರವೂ ತಪ್ಪು ಕೇಳಿಸಿಕೊಳ್ಳುತ್ತದೆ, ಹೆಸರುಗಳನ್ನಂತೂ ಕೆಡಿಸುತ್ತದೆ.

ಈ ಹೋಲಿಕೆಯಲ್ಲಿ ಅಚ್ಚರಿ ಕಾದಿರುತ್ತದೆ. ನಿಮ್ಮ ಪುಟದಲ್ಲಿ ‘ಡಿಜು ಗಾಯ್ಸ್ ಪಿಕಪಾನ್ ದ್ಯಾಟ್’ ಎಂದಿರುತ್ತದೆ. ಪರದೆಯ ಮೇಲೆ ‘ಡಿಡ್ ಯು ಗೈಸ್ ಪಿಕ್ ಅಪ್ ಆನ್ ದಟ್’. ಎಲ್ಲ ಪದವೂ ಗೊತ್ತಿದ್ದದ್ದೇ! ಹಾಗಾದರೆ ಕೇಳಿಸದಂತೆ ಮಾಡಿದ್ದು ಯಾವುದು? ನಾವು ಹೈಸ್ಕೂಲಿನಲ್ಲಿ ಓದಿದ ಸಂಧಿ. ಅದು ಇಂಗ್ಲಿಷಿನ ಆಡುಮಾತಿನಲ್ಲೂ ನಡೆಯುತ್ತದೆ, ಬರಹದಲ್ಲಿ ಮಾತ್ರ ತೋರಿಸುವುದಿಲ್ಲ. ಕನ್ನಡದಲ್ಲಿ ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ, ಅದು ಲೋಪ. ‘ಗೋಯಿಂಗ್ ಟು’ ಆಡುವಾಗ ‘ಗನ’ ಆಗುವುದು, ‘ವಾಂಟ್ ಟು’ ಸವೆದು ‘ವಾನ’ ಆಗುವುದು ಅದೇ ದಾರಿಯವು. ‘ಗುರು’ವಿಗೆ ‘ಅನ್ನು’ ಸೇರಿಸಿದರೆ ನಡುವೆ ವಕಾರ ಬಂದು ‘ಗುರುವನ್ನು’, ‘ಕೆರೆ’ಗೆ ಸೇರಿಸಿದರೆ ಯಕಾರ ಬಂದು ‘ಕೆರೆಯನ್ನು’; ಅದು ಆಗಮ. ‘ಗೋ ಆನ್’ ಎಂಬುದು ‘ಗೋವಾನ್’ ಎಂದೂ, ‘ಸೀ ಇಟ್’ ಎಂಬುದು ‘ಸೀಯಿಟ್’ ಎಂದೂ ಕೇಳಿಸುವುದು ಥೇಟ್ ಇದೇ ಕಾರಣಕ್ಕೆ. ‘ಬೆಟ್ಟ’ ಮತ್ತು ‘ತಾವರೆ’ ಸೇರಿ ‘ಬೆಟ್ಟದಾವರೆ’ ಆದಾಗ ತಕಾರ ದಕಾರವಾಗುತ್ತದೆ, ಅದು ಆದೇಶ. ಅಮೆರಿಕನ್ನರ ಬಾಯಲ್ಲಿ ‘ವಾಟರ್’ ‘ವಾಡರ್’ ಆಗುವುದು, ‘ಗೆಟ್ ಔಟ್’ ‘ಗೆಡೌಟ್’ ಆಗುವುದು, ‘ಡಿಡ್ ಯು’ ‘ಡಿಜು’ ಆಗುವುದು ಆದೇಶದ ಜಾತಿಯವೇ. ನಿಯಮಗಳು ಅಕ್ಷರಶಃ ಒಂದೇ ಅಲ್ಲ, ಆದರೆ ನಾಲಿಗೆ ಸಲೀಸಾದ ದಾರಿ ಹುಡುಕುವ ಬಗೆ ಎರಡು ಭಾಷೆಯಲ್ಲೂ ಒಂದೇ. ಬರೆದ ಪುಟದಲ್ಲಿ ಇಂಥ ಜಾಗಗಳಿಗೆ ಗೆರೆ ಎಳೆದು ಲೋಪವೋ ಆಗಮವೋ ಆದೇಶವೋ ಎಂದು ಗುರುತು ಹಾಕಿ. ಹೀಗೆ ಮಾಡುತ್ತಾ ಹೋದರೆ ಟ್ರೇಲರಿನಿಂದ ಟ್ರೇಲರಿಗೆ ಮಾತು ಬಿಡಿಬಿಡಿಯಾಗಿ ಕೇಳತೊಡಗುತ್ತದೆ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಗೌರವ ಸಿಗುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ಪದದ ಒಂದು ಅಕ್ಷರದ ಮೇಲೆ ಒತ್ತು ಬಿದ್ದು ಸುತ್ತಲಿನವು ಕುಗ್ಗಿಹೋಗುತ್ತವೆ. ಟು, ಫಾರ್, ಆಫ್, ಕ್ಯಾನ್ ಇವೆಲ್ಲ ‘ಟ’, ‘ಫ’, ‘ಅ’, ‘ಕನ್’ ಎಂದಷ್ಟೇ ಕೇಳುತ್ತವೆ. ಆ ಕುಗ್ಗುವಿಕೆಯನ್ನು ಕನ್ನಡ ಲಿಪಿ ಪೂರ್ತಿ ಹಿಡಿಯದು. ಅದಕ್ಕೆ ಒತ್ತು ಬಿದ್ದ ಜಾಗವನ್ನು ದಪ್ಪಗೆ ಬರೆದುಕೊಳ್ಳಿ.

ಅಪ್, ಔಟ್, ಆಫ್

ಈಗ ಆ ಪುಟ್ಟ ಕ್ರಿಯಾಪದಗಳ ವಿಷಯ. ‘ಫಿಗರ್ ಔಟ್’, ‘ಎಂಡ್ ಅಪ್’, ‘ಶೋ ಅಪ್’, ‘ರನ್ ಔಟ್ ಆಫ್’, ‘ಗಿವ್ ಅಪ್’, ‘ಹೋಲ್ಡ್ ಆನ್’. ಟ್ರೇಲರ್‌ಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಎಲ್ಲ ಕಥೆಯಲ್ಲೂ ಯಾರೋ ಏನನ್ನೋ ಪತ್ತೆ ಹಚ್ಚಬೇಕು, ಎಲ್ಲೋ ಹೋಗಬೇಕಾದವರು ಇನ್ನೆಲ್ಲೋ ಹೋಗಿ ಸೇರಬೇಕು, ಸಮಯ ಮುಗಿಯುತ್ತಾ ಬರಬೇಕು, ಕೈಚೆಲ್ಲಬಾರದು. ಪದಕೋಶದಲ್ಲಿ ‘ರನ್’ ಎಂದರೆ ಓಡು, ‘ಔಟ್’ ಎಂದರೆ ಹೊರಗೆ ಎಂದು ನೋಡಿ ಜೋಡಿಸಿದರೆ ‘ಮುಗಿದುಹೋಗು’ ಎಂಬ ಅರ್ಥ ಹೊರಡುವುದಿಲ್ಲ.

ಆದರೆ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ‘ತಿಂದ’ ಬೇರೆ, ‘ತಿಂದುಬಿಟ್ಟ’ ಬೇರೆ, ‘ತಿಂದುಹಾಕಿದ’ ಬೇರೆ. ಅಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ, ಹಾಕಿಲ್ಲ. ‘ಬಿಡು’, ‘ಹಾಕು’ ತಮ್ಮ ಮೂಲ ಅರ್ಥ ಕಳಚಿ ಮೊದಲ ಕ್ರಿಯೆಗೆ ಒಂದು ಬಣ್ಣ ಕೊಡುತ್ತಿವೆ. ಇಂಗ್ಲಿಷಿನಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಅಪ್, ಔಟ್, ಆಫ್ ಮಾಡುತ್ತವೆ. ‘ಈಟ್ ಅಪ್’ ಎಂದರೆ ತಟ್ಟೆಯಲ್ಲಿರುವುದನ್ನು ತಿಂದು ಮುಗಿಸು, ‘ಯೂಸ್ ಅಪ್’ ಎಂದರೆ ಬಳಸಿ ಖಾಲಿ ಮಾಡು. ಮೇಲಕ್ಕೆ ಹೋಗುವ ಮಾತೇ ಇಲ್ಲ. ಪೂರ್ತಿಯಾಗುವ ಸೂಚನೆ ಅದು. ಹಾಗಾಗಿ ಒಂದೊಂದನ್ನೂ ಪದ ಒಡೆಯದೆ, ಇಡಿಯಾಗಿ, ಕನ್ನಡದ ಇಡೀ ಕ್ರಿಯೆಯ ಪಕ್ಕ ಇಟ್ಟುಕೊಳ್ಳಿ: ‘ಎಂಡ್ ಅಪ್’ ಎಂದರೆ ಕೊನೆಗೆ ಹೋಗಿ ಸೇರು, ‘ಶೋ ಅಪ್’ ಎಂದರೆ ಬಂದು ಕಾಣಿಸಿಕೊಳ್ಳು, ‘ಫಿಗರ್ ಔಟ್’ ಎಂದರೆ ಯೋಚಿಸಿ ಕಂಡುಹಿಡಿ. ಅನುಮಾನ ಬಂದರೆ ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್‌ನವರ, ಕಲಿಯುವವರಿಗೆಂದೇ ಮಾಡಿದ ಆನ್‌ಲೈನ್ ಡಿಕ್ಷನರಿಯಲ್ಲಿ ಇಡೀ ಜೋಡಿಯನ್ನೇ ಟೈಪ್ ಮಾಡಿ ಹುಡುಕಿ. ಉಚ್ಚಾರ ಕೇಳಬಹುದು, ಬಳಕೆಯ ವಾಕ್ಯವೂ ಸಿಗುತ್ತದೆ.

ಇನ್ನೊಂದು ಬಗೆಯ ಎಡವಟ್ಟು ನಮ್ಮದೇ ಇಂಗ್ಲಿಷಿನಿಂದ ಬರುತ್ತದೆ. ನಮ್ಮಲ್ಲಿ ಹೋಟೆಲ್ ಎಂದರೆ ದೋಸೆ ತಿನ್ನುವ ಜಾಗ. ಅವರ ಚಿತ್ರಗಳಲ್ಲಿ ಹೋಟೆಲ್ ಎಂದರೆ ರೂಮು ಹಿಡಿದು ತಂಗುವ ಜಾಗ. ನಾವು ಕಾಲೇಜಿನಿಂದ ‘ಪಾಸ್ ಔಟ್’ ಆಗುತ್ತೇವೆ. ಅಮೆರಿಕದಲ್ಲಿ ‘ಪಾಸ್ ಔಟ್’ ಆದವರನ್ನು ಮುಖಕ್ಕೆ ನೀರು ಹಾಕಿ ಎಬ್ಬಿಸಬೇಕು, ಏಕೆಂದರೆ ಅಲ್ಲಿ ಅದರ ಅರ್ಥ ಎಚ್ಚರ ತಪ್ಪಿ ಬೀಳುವುದು. ನಾವು ಮನೆ ‘ಶಿಫ್ಟ್’ ಮಾಡುತ್ತೇವೆ, ರೈಲಿಯ ಮನೆಯವರು ‘ಮೂವ್’ ಆಗುತ್ತಾರೆ. ನಮಗೆ ಪಾಠದಲ್ಲಿ ‘ಡೌಟ್’ ಇರುತ್ತದೆ, ಅವರಿಗೆ ‘ಕ್ವೆಶ್ಚನ್’ ಇರುತ್ತದೆ. ನಮ್ಮ ಬಳಕೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಭಾರತದ ಇಂಗ್ಲಿಷ್ ಭಾರತದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಹೊರಗಿನವರೊಡನೆ ಫೋನಿನಲ್ಲಿ ಮಾತಾಡುವ ಕೆಲಸದವರಿಗೆ, ಪರದೇಶಕ್ಕೆ ಮಗಳ ಮನೆಗೆ ಹೊರಟ ಅಪ್ಪ ಅಮ್ಮಂದಿರಿಗೆ ಈ ಅಂತರ ಮೊದಲೇ ಗೊತ್ತಿದ್ದರೆ ಮುಜುಗರ ತಪ್ಪುತ್ತದೆ. ಟ್ರೇಲರ್ ನೋಡುವಾಗ ‘ಈ ಪದ ನಮ್ಮಲ್ಲೂ ಇದೆ, ಅರ್ಥ ಬೇರೆ’ ಎನಿಸಿದ್ದಕ್ಕೆ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪುಟ ಮೀಸಲಿಡಿ.

ಮರ್ಯಾದೆ ಎಲ್ಲಿರುತ್ತದೆ

ಆಫೀಸಿನ ಇಂಗ್ಲಿಷ್ ಬೇಕಾದವರಿಗೆ ನಾನು ಹೇಳುವುದು ನ್ಯಾನ್ಸಿ ಮೈಯರ್ಸ್ ನಿರ್ದೇಶಿಸಿದ ‘ದಿ ಇಂಟರ್ನ್’. ಇದೂ 2015ರ ಚಿತ್ರವೇ. ಹೆಂಡತಿಯನ್ನು ಕಳೆದುಕೊಂಡ, ಎಪ್ಪತ್ತು ವರ್ಷದ, ನಿವೃತ್ತ ಬೆನ್ ಆಗಿ ರಾಬರ್ಟ್ ಡಿ ನೀರೋ. ಆನ್‌ಲೈನಿನಲ್ಲಿ ಬಟ್ಟೆ ಮಾರುವ ಕಂಪನಿ ಕಟ್ಟಿದ ಯುವತಿ ಜೂಲ್ಸ್ ಆಗಿ ಆನ್ ಹ್ಯಾಥವೇ. ಬೆನ್ ಆ ಕಂಪನಿಗೆ ಇಂಟರ್ನ್ ಆಗಿ ಸೇರುತ್ತಾನೆ. ಸಂದರ್ಶನದಲ್ಲಿ ಹುಡುಗನೊಬ್ಬ, ಹತ್ತು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಕೇಳುತ್ತಾನೆ. ಎಂಬತ್ತನೇ ವಯಸ್ಸಿನಲ್ಲಾ ಎಂದು ಬೆನ್ ಮರುಪ್ರಶ್ನೆ ಹಾಕುತ್ತಾನೆ. ಬೆಂಗಳೂರಿನ ಸಂದರ್ಶನದ ಕೋಣೆಗಳಲ್ಲೂ ಇದೇ ಪ್ರಶ್ನೆಯನ್ನು ಇದೇ ಪದಗಳಲ್ಲಿ ಕೇಳುತ್ತಾರೆ. ಹೈರ್, ರಿಟೈರ್, ಅಪ್ಲೈ, ಫಿಟ್ ಇನ್ ಇಂಥವನ್ನು ಈ ಚಿತ್ರದ ಸಂದರ್ಭಗಳಲ್ಲೇ ಕಲಿತರೆ ಹಿಡಿತ ಬರುತ್ತದೆ.

ಇಲ್ಲಿ ಇನ್ನೂ ಮುಖ್ಯವಾದ ಪಾಠವೊಂದಿದೆ. ‘ಸ್ವಲ್ಪ ನೀರು ಕೊಡಿ’ ಎನ್ನುವಾಗ ಕನ್ನಡದಲ್ಲಿ ಮರ್ಯಾದೆ ‘ಕೊಡಿ’ಯ ಕೊನೆಯ ‘ಇ’ಕಾರದಲ್ಲಿರುತ್ತದೆ. ಅದನ್ನೇ ‘ಗಿವ್ ಮಿ ಸಮ್ ವಾಟರ್’ ಎಂದರೆ ಆ ‘ಇ’ಕಾರ ಕಳೆದುಹೋಗಿ ‘ನೀರು ಕೊಡು’ ಎಂದು ಗದರಿದಂತಾಗುತ್ತದೆ. ಮನಸ್ಸಿನಲ್ಲಿ ಬಹುವಚನ ಇಟ್ಟುಕೊಂಡೇ ಮಾತಾಡಿದ ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಒರಟರೆನಿಸಿಕೊಳ್ಳುವುದು ಹೀಗೆ. ನೀನು, ನೀವು ಎಂಬ ಭೇದವಿಲ್ಲದ ಇಂಗ್ಲಿಷ್ ತನ್ನ ಮರ್ಯಾದೆಯನ್ನು ಪ್ರಶ್ನೆಯ ರೂಪದಲ್ಲಿ ಇಟ್ಟಿದೆ: ‘ಕುಡ್ ಯು’, ‘ವುಡ್ ಯು ಮೈಂಡ್’, ‘ಕ್ಯಾನ್ ಐ ಗೆಟ್’. ಆಫೀಸು, ಅಂಗಡಿ, ಹೋಟೆಲಿನ ದೃಶ್ಯ ಬಂದಾಗಲೆಲ್ಲ ಯಾರು ಯಾರಲ್ಲಿ ಹೇಗೆ ಕೇಳಿದರು ಎಂದು ಗಮನಿಸಿ ಬರೆದುಕೊಳ್ಳಿ. ಅದೇ ಕಾರಣಕ್ಕೆ, ಖಳನಾಯಕನಿಗೆ ಹೇಳಿದ ಮಾತು, ಗೆಳೆಯರು ಒಬ್ಬರಿಗೊಬ್ಬರು ಸಲುಗೆಯಲ್ಲಿ ಆಡಿದ ಮಾತು, ಅಧಿಕಾರಿಗೆ ಆಡಿದ ಮಾತು ಇವುಗಳ ಪಕ್ಕ ಸಂಬಂಧವನ್ನೂ ನಮೂದಿಸುವುದು ಅಗತ್ಯ. ಬೈಗುಳ ತುಂಬಿದ, ದೊಡ್ಡವರಿಗೆ ಮಾತ್ರ ಎಂದು ಹಾಲಿವುಡ್‌ನವರು ಬಿಡುವ ‘ರೆಡ್ ಬ್ಯಾಂಡ್’ ಟ್ರೇಲರ್‌ಗಳನ್ನು ಶುರುವಿನಲ್ಲಿ ಮುಟ್ಟದಿರುವುದೇ ಲೇಸು, ಮಕ್ಕಳ ಜೊತೆ ಕೂತು ಕಲಿಯುವವರಿಗಂತೂ ಖಂಡಿತ ಬೇಡ.

ಎರಡು ಭಾಷೆಯಲ್ಲಿ ಒಂದೇ ಟ್ರೇಲರ್

ಸ್ಪೀಲ್‌ಬರ್ಗ್ ಅವರ ‘ದಿ ಟರ್ಮಿನಲ್’ ಚಿತ್ರದಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ವಿಕ್ಟರ್, ಒಂದೇ ಪ್ರವಾಸಿ ಕೈಪಿಡಿಯನ್ನು ತನ್ನ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಪಕ್ಕಪಕ್ಕ ಇಟ್ಟು ಓದಿ ಇಂಗ್ಲಿಷ್ ಕಲಿಯುತ್ತಾನೆ. ಕನ್ನಡಿಗರಿಗೆ ಈಗ ಟ್ರೇಲರ್‌ನಲ್ಲಿ ಇದು ಸಾಧ್ಯವಾಗಿದೆ. ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗನ್ನು ದೂರವಿಟ್ಟಿತ್ತು. ಅಂಥ ತಡೆ ಸ್ಪರ್ಧೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಆಮೇಲಿನ ವರ್ಷಗಳಲ್ಲಿ ದಾರಿ ತೆರೆಯುತ್ತಾ ಬಂದು, 2022ರ ‘ಅವತಾರ್: ದ ವೇ ಆಫ್ ವಾಟರ್’ ಕನ್ನಡದಲ್ಲೂ ಬಿಡುಗಡೆಯಾಯಿತು. ಡಬ್ಬಿಂಗ್ ಕುರಿತ ವಾದ ಏನೇ ಇರಲಿ, ಇಂಗ್ಲಿಷ್ ಕಲಿಯುವವರಿಗೆ ಇದು ವರವೇ.

ಇಂಥ ಚಿತ್ರದ ಕನ್ನಡ ಟ್ರೇಲರ್ ಮೊದಲು ನೋಡಿ, ಆಮೇಲೆ ಇಂಗ್ಲಿಷಿನದು. ‘ಅವತಾರ್’ ಯುದ್ಧದ ಚಿತ್ರವಾದರೂ ಅದರ ಬೇರು ಕುಟುಂಬದಲ್ಲಿದೆ. ತಂದೆ ಮಕ್ಕಳಿಗೆ ಹೇಳುವ ಮಾತು, ಹೊಸ ಊರಿನವರೊಡನೆ ಹೊಂದಿಕೊಳ್ಳುವ ಕಷ್ಟ 2022ರ ಈ ಎರಡನೇ ಭಾಗದಲ್ಲಿ ಧಾರಾಳ. ಆದರೆ ಡಬ್ಬಿಂಗ್ ಬರೆಯುವವರು ತುಟಿಯ ಚಲನೆಗೆ, ವಾಕ್ಯದ ಅಳತೆಗೆ ಹೊಂದುವಂತೆ ಮಾತು ಬದಲಿಸುತ್ತಾರೆ. ಪದಕ್ಕೆ ಪದ ತಾಳೆ ನೋಡಬೇಡಿ, ಒಟ್ಟು ಆಶಯ ತಾಳೆ ನೋಡಿ. ‘ಇದನ್ನೇ ಕನ್ನಡದವರು ಹೀಗೆ ಹೇಳಿದರಲ್ಲ’ ಎಂದು ಹೊಳೆಯುವ ಕ್ಷಣದಲ್ಲಿ ಆ ಇಂಗ್ಲಿಷ್ ಮಾತು ನಿಮ್ಮದಾಗುತ್ತದೆ.

ಮರೆಯದಂತೆ, ಬಾಯಿಗೆ ಬರುವಂತೆ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಕೂಡಲೇ ಮರೆವು ಅತಿ ವೇಗ, ಆಮೇಲೆ ನಿಧಾನ ಎಂಬುದು ಅವರು ಕಂಡದ್ದು. ನಮಗೆ ಅದರಿಂದ ಆಗಬೇಕಾದದ್ದು ಇಷ್ಟೇ: ಕಲಿತ ಮರುದಿನ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಒಮ್ಮೊಮ್ಮೆ ತಿರುಗಿ ನೋಡುವುದು. ಟ್ರೇಲರ್ ಎರಡೂವರೆ ನಿಮಿಷದ್ದಾದ್ದರಿಂದ ತಿರುಗಿ ನೋಡುವುದು ಹೊರೆಯಾಗುವುದಿಲ್ಲ, ಬಸ್ಸಿಗೆ ಕಾಯುವಾಗ ಮುಗಿಯುತ್ತದೆ. ಒಂದು ಟ್ರೇಲರಿನಿಂದ ಎಂಟು ಹತ್ತು ನುಡಿಗಟ್ಟಿಗಿಂತ ಹೆಚ್ಚು ತೆಗೆಯಬೇಡಿ. ದಿನಕ್ಕೆ ಐದು ಟ್ರೇಲರ್ ನೋಡುವುದಕ್ಕಿಂತ ಒಂದನ್ನೇ ವಾರವಿಡೀ ನೋಡುವುದು ಎಷ್ಟೋ ಮೇಲು. ಪ್ರತಿ ನುಡಿಗಟ್ಟಿಗೂ ನಿಮ್ಮ ಬದುಕಿನದೇ ಒಂದು ವಾಕ್ಯ ಬರೆಯಿರಿ. ‘ರನ್ ಔಟ್ ಆಫ್’ ಸಿಕ್ಕಿದರೆ ‘ವಿ ರಾನ್ ಔಟ್ ಆಫ್ ಗ್ಯಾಸ್ ದಿಸ್ ಮಾರ್ನಿಂಗ್’: ಬೆಳಗ್ಗೆ ಗ್ಯಾಸ್ ಮುಗಿದುಹೋಯಿತು. ಟ್ರೇಲರಿನ ಸ್ಪೇಸ್‌ಶಿಪ್ಪಿನಲ್ಲಿ ಆಮ್ಲಜನಕ ಮುಗಿದ ವಾಕ್ಯ ನಮ್ಮ ಅಡುಗೆಮನೆಗೆ ಬಂದರೆ ಮಾತ್ರ ಉಳಿಯುತ್ತದೆ.

ವಾರದ ಕೊನೆಯ ದಿನಗಳಲ್ಲಿ ನಟರ ಜೊತೆಜೊತೆಗೇ ದನಿ ಎತ್ತಿ ಮಾತಾಡಿ, ಅವರ ಮಾತಿನ ನೆರಳಿನಂತೆ ಅರ್ಧ ಸೆಕೆಂಡ್ ಹಿಂದೆ. ಏರಿಳಿತ, ನಿಲುಗಡೆ, ಒತ್ತು ಎಲ್ಲವನ್ನೂ ಅನುಸರಿಸಿ. ಅವರ ಉಚ್ಚಾರವೇ ನಮ್ಮದಾಗಬೇಕೆಂದಿಲ್ಲ, ಕನ್ನಡದ ಸೊಗಡಿನ ಇಂಗ್ಲಿಷಿನಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಒತ್ತು ಎಲ್ಲಿ ಬೀಳುತ್ತದೆಂದು ಬಾಯಿಗೆ ಗೊತ್ತಾದರೆ ಕಿವಿಗೂ ಗೊತ್ತಾಗುತ್ತದೆ.

ಟ್ರೇಲರ್‌ಗೆ ತನ್ನದೇ ಮಿತಿಯಿದೆ. ಬೇರೆ ಬೇರೆ ದೃಶ್ಯದ ಮಾತುಗಳನ್ನು ಎಡಿಟರ್ ಪಕ್ಕಪಕ್ಕ ಹೊಲಿದಿರುತ್ತಾರೆ. ಒಬ್ಬರ ಪ್ರಶ್ನೆಗೆ ಅಲ್ಲಿ ಬಂದ ಉತ್ತರ ಮೂಲದಲ್ಲಿ ಬೇರೆ ಪ್ರಶ್ನೆಯದಾಗಿರಬಹುದು. ಆದ್ದರಿಂದ ಮಾತುಕತೆ ಹೇಗೆ ಹರಿಯುತ್ತದೆ ಎಂಬುದನ್ನು ಟ್ರೇಲರಿನಿಂದ ಕಲಿಯಲಾಗದು. ಅದಕ್ಕೆ ಅದೇ ಚಿತ್ರದ ಎರಡು ಮೂರು ನಿಮಿಷದ ಒಂದು ಪೂರ್ಣ ದೃಶ್ಯವನ್ನು, ಸ್ಟುಡಿಯೋಗಳೇ ಬಿಡುವ ಕ್ಲಿಪ್‌ಗಳಲ್ಲಿ ಆರಿಸಿ ಕೇಳಿ. ಆಮೇಲೆ ಇಡೀ ಚಿತ್ರ ನೋಡಿ, ಈ ಸಲ ಇಂಗ್ಲಿಷ್ ಸಬ್‌ಟೈಟಲ್ ತೆರೆದೇ. ಹಿಂದಿ ಅಥವಾ ಕನ್ನಡ ಸಬ್‌ಟೈಟಲ್ ಹಾಕಿಕೊಂಡರೆ ಕಣ್ಣು ಓದಿ ಮುಗಿಸುತ್ತದೆ, ಕಿವಿ ಕೆಲಸ ಮಾಡುವುದಿಲ್ಲ. ಬಾಯಿಪಾಠವಾಗಿದ್ದ ಹತ್ತು ಮಾತುಗಳು ಕಥೆಯೊಳಗೆ ತಮ್ಮ ತಮ್ಮ ಜಾಗದಲ್ಲಿ ಬಂದಾಗ ಅವುಗಳ ಅರ್ಥದ ಇನ್ನೊಂದು ಮಗ್ಗುಲು ತಿಳಿಯುತ್ತದೆ.

ಮುಂದಿನ ಟ್ರೇಲರ್‌ಗೆ ಯಾವಾಗ ಹೋಗಬಹುದು? ವೇಗ ಇಳಿಸದೆ, ಸಬ್‌ಟೈಟಲ್ ಇಲ್ಲದೆ ಮೊದಲ ಒಂದು ನಿಮಿಷವನ್ನು ಜೊತೆಜೊತೆಗೆ ಆಡಲು ಬಂದಾಗ, ಮತ್ತು ಬರೆದುಕೊಂಡ ಹತ್ತರಲ್ಲಿ ಐದನ್ನಾದರೂ ಯಾರೊಡನೆಯೋ ನಿಜವಾಗಿ ಬಳಸಿದಾಗ. ಹೊಸದನ್ನು ಆರಿಸುವಾಗ ಒಮ್ಮೆಗೇ ಬೇರೆ ಲೋಕಕ್ಕೆ ನೆಗೆಯಬೇಡಿ. ಆಫೀಸಿನ ಚಿತ್ರ ಮುಗಿಸಿದ್ದರೆ ಇನ್ನೊಂದು ಆಫೀಸಿನ ಚಿತ್ರ, ಮನೆಯದಾದರೆ ಇನ್ನೊಂದು ಮನೆಯದು. ಅದೇ ಪದಗಳು ಬೇರೆ ಬಾಯಲ್ಲಿ, ಬೇರೆ ವೇಗದಲ್ಲಿ ಮತ್ತೆ ಕಿವಿಗೆ ಬೀಳುತ್ತವೆ.